ಕಿರಣಕ್ಕಾಗಿ ಒಲೆತಡೆ

ಕಪ್ಪತಗುಡ್ಡ
೩೦ ಫೆಬ್ರವರಿ ೨೨೮೭

ಹಿಂದಿನವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ರಜೆ ಎನ್ನುತ್ತಾರೆ, ನನಗಂತೂ ಸಿಕ್ಕಿಲ್ಲ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ಚಂದ ಮಾಡಿ ಬರೆಯುವಷ್ಟು ತ್ರಾಣ ಉಳಿದಿಲ್ಲ.

ನಾನು ರುದ್ರಾಂಬಿಕೆ, ಕಿರಣ ತಿದ್ದುವವಳು. ನೀವು ಆಕಾಶದಲ್ಲಿ ಬಿಟ್ಟುಹೋದ ಉಪಗ್ರಹಗಳ ಚೂರುಗಳನ್ನು ಈ ಗುಡ್ಡದ ಲೇಸರ್ ಕಿರಣದಿಂದ ತಳ್ಳಿ, ಒಂದೊಂದಾಗಿ ಕೆಳಗಿಳಿಸಿ ಸುಡುವುದು ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಕೆಲಸ. ಕಷ್ಟವಿರುವುದೆಲ್ಲ ಗಾಳಿಯಲ್ಲಿ. ಕಿರಣ ತನ್ನ ದಾರಿಯ ಗಾಳಿಯನ್ನೇ ಕಾಯಿಸುತ್ತದೆ, ಕಾದ ಗಾಳಿ ಕಿರಣವನ್ನು ಚೆದುರಿಸುತ್ತದೆ. ಅದಕ್ಕೇ ನಡುವೆ ಖಾಲಿ ಬಿಟ್ಟು ಬಳೆಯ ಆಕಾರದಲ್ಲಿ ಕಳಿಸುತ್ತೇವೆ. ಗಾಳಿ ನಡುಗಿದಂತೆಲ್ಲ ಕನ್ನಡಿಯ ಮೈಯನ್ನು ಉಬ್ಬಿಸಿ ತಗ್ಗಿಸಿ ಸರಿಪಡಿಸುತ್ತೇವೆ. ಇಷ್ಟಾದರೂ ಬುಡದ ಊರಿನಿಂದ ಹೊಗೆ ಮೇಲೇರಿದರೆ ಎಲ್ಲ ಮಣ್ಣುಪಾಲು. ಹಾಗಾಗಿ ಬೆಳಗಿನ ಒಂದು ತಾಸು ಒಲೆತಡೆ: ಯಾರೂ ಬೆಂಕಿ ಹಚ್ಚುವಂತಿಲ್ಲ. ಕಟ್ಟಿಗೆಯ ಒಲೆ ನಮ್ಮಲ್ಲಿ ಮರಳಿ ಬಂದಿದೆ, ನಗಬೇಡಿ. ಚಹಾ ಇಲ್ಲದ ಆ ತಾಸಿನಲ್ಲಿ ಊರೆಲ್ಲ ನನ್ನನ್ನೇ ಬೈದುಕೊಳ್ಳುತ್ತದೆ.

ನಿನ್ನೆ ನಸುಕಿನಲ್ಲಿ ಕೆಳಗಿನ ಮನೆಯ ದ್ಯಾಮವ್ವ ಗುಡ್ಡ ಹತ್ತಿ ಬಂದರು. ಸೊಸೆ ಹೆತ್ತು ಮೂರು ದಿನ, ಎರೆಯಲು ಬಿಸಿನೀರು ಬೇಕು. ಒಂದೇ ಒಲೆ ತಾನೇ, ಕನ್ನಡಿಯಲ್ಲಿ ಸಂಭಾಳಿಸಿದರಾಯಿತು ಎಂದುಕೊಂಡು ಹೂಂ ಎಂದೆ. ಮೂವತ್ತು ವರ್ಷದ ಅನುಭವದ ಜಂಬ. ಹೊಗೆಯಲ್ಲಿ ಕಿರಣ ಚಿಂದಿಯಾಯಿತು, ನಿನ್ನೆ ಇಳಿಸಬೇಕಿದ್ದ ಚೂರು ಮಿಸುಕಲಿಲ್ಲ. ನಿಮ್ಮ ಕಾಲದ ಒಂದು ನಟ್ಟು ಅದು, ಹೆಬ್ಬೆರಳಿನಷ್ಟು. ನಾಳೆ ಬೆಳಿಗ್ಗೆ ಮತ್ತೆ ನಮ್ಮ ಮೇಲೆ ಹಾಯುತ್ತದೆ. ಆಗಲೂ ತಪ್ಪಿದರೆ ಸಂಜೆಗೆ ಬಾನಮನೆಗೆ ಬಡಿಯುತ್ತದೆ. ಬಾನಮನೆ ಎಂದರೆ ಭೂಮಿಯನ್ನು ಸುತ್ತುವ ವಸತಿ. ಪಕ್ಕಕ್ಕೆ ಸರಿಯಲು ಅದರಲ್ಲಿ ಇಂಧನ ಉಳಿದಿಲ್ಲ. ಒಳಗೆ ಒಂಬತ್ತು ಜನರಿದ್ದಾರೆ, ಅವರಲ್ಲೊಬ್ಬಳು ನನ್ನ ತಂಗಿ ಇಂದುಮತಿ. ನನಗೆ ಭಯವಾಗುತ್ತಿದೆ.

ಈಗಷ್ಟೇ ದ್ಯಾಮವ್ವ ಮತ್ತೆ ಬಂದಿದ್ದರು. ಏದುಸಿರು ಬಿಡುತ್ತ, "ನಾಳೆ ನಮ್ಮ ಮನ್ಯಾಗ ಒಲಿ ಹಚ್ಚಂಗಿಲ್ಲ ಬಿಡವ್ವಾ. ಕೂಸಿಗೆ ಇವತ್ತ ಎರದೀವಿ. ನೀ ನಿನ್ನ ತಂಗೀನ ನೋಡ್ಕೊ" ಎಂದರು. ನಾನು ಅತ್ತುಬಿಟ್ಟೆ.

ಆ ನಟ್ಟನ್ನು ಸಡಿಲ ಬಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ದಣಿದಿದ್ದಿರಬೇಕು, ಒಂದೇ ತಾನೇ ಎಂದುಕೊಂಡಿರಬೇಕು. ನಾನೂ ಅದನ್ನೇ ಅಂದುಕೊಂಡೆ. ಕೇಳಿಕೊಳ್ಳುವುದಿಷ್ಟೇ: ಮನೆಗೆ ಹೊರಡುವ ಮುನ್ನ ಅದನ್ನೊಮ್ಮೆ ಬಿಗಿ ಮಾಡಿ. ನಾಳೆ ಇಲ್ಲೊಬ್ಬ ಬಾಣಂತಿ ತಣ್ಣೀರಿನಲ್ಲಿ ಮುಖ ತೊಳೆಯುತ್ತಾಳೆ.

ರುದ್ರಾಂಬಿಕೆ