ಢಗ ಅಂದರೆ ಬೆಂಕಿಯಲ್ಲ

ವಿಮಾನ ಅಪಘಾತದ ತನಿಖೆ ಮಾಡಿದ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರುತ್ತದೆ, ಕ್ಷಮಿಸಬೇಕು. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ನಿಮ್ಮ ವರದಿಯಲ್ಲಿ ಒಂದು ಶಬ್ದ ತಪ್ಪಿ ಒಬ್ಬನ ಕೆಲಸವೇ ಹೋಗಿದೆ. ಆ ಶಬ್ದ ಬರೆದದ್ದು ನಾನಲ್ಲ. ಕೆಳಗಿನ ಸಹಿ ಮಾತ್ರ ನನ್ನದು.

ಕಳೆದ ಶ್ರಾವಣದಲ್ಲಿ ಕರೋಶಿಯ ನಮ್ಮ ಹೊಲದಾಚೆ, ಇಳಿಯಲು ಬರುತ್ತಿದ್ದ ಸಣ್ಣ ವಿಮಾನ ಬಿದ್ದು ಇಬ್ಬರು ಸತ್ತರು. ನೋಡಿದವಳು ಸೋಯಾಬೀನಿನಲ್ಲಿ ಕಸ ತೆಗೆಯುತ್ತಿದ್ದ ನಾನೊಬ್ಬಳೇ. ಮನೆಯಲ್ಲಿ ನಾವು ಮರಾಠಿ ಮಾತಾಡುವವರು. ವಿಚಾರಿಸಲು ಬಂದ ನಿಮ್ಮವರಿಗೆ, "ಇಮಾನ ಢಗದಾಗ ಇತ್ತರಿ, ಢಗದಾಗಿಂದನ ಬಂದು ಬಿತ್ತರಿ" ಎಂದೆ. ಮರಾಠಿಯಲ್ಲಿ ಢಗ ಅಂದರೆ ಮೋಡ. ನಿಮ್ಮವರು 'ಧಗೆ' ಎಂದು ಬರೆದುಕೊಂಡರು. ವಿಮಾನ ಆಕಾಶದಲ್ಲೇ ಉರಿಯುತ್ತಿತ್ತು ಎಂದಾಯಿತು. ಬರೆದದ್ದನ್ನು ಓದಿ ಹೇಳಲಿಲ್ಲ. ಓದಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬಿದ್ದ ಮೇಲೆ ಎಲ್ಲವೂ ಸುಟ್ಟುಹೋದದ್ದರಿಂದ ನನ್ನ ಮಾತೇ ದೊಡ್ಡ ಸಾಕ್ಷಿಯಾಯಿತು. ಎಂಜಿನ್ ತಪಾಸಣೆ ಮಾಡಿದ್ದ ರಾಯಬಾಗದ ಅಕೀಬನನ್ನು ಕೆಲಸದಿಂದ ತೆಗೆದರು.

ಅವನ ತಾಯಿ ಕುಲಸುಂಬಿ ನಮ್ಮ ಮನೆ ಹುಡುಕಿಕೊಂಡು ಬಂದರು.

"ನೀನ ಏನವಾ ಬೆಂಕಿ ನೋಡಿದಾಕಿ?"

"ಇಲ್ಲರಿ ಮಾವಶಿ, ನಾ ಢಗ ಅಂದಿನ್ರಿ."

"ಢಗ ಅಂದ್ರ ಮೋಡ ಅಂತ ನಮ್ಮ ಎಮ್ಮಿಗೂ ಗೊತ್ತೈತಿ. ಅಷ್ಟ ಓದಿದವ್ರಿಗೆ ಗೊತ್ತಾಗಲಿಲ್ಲೇನ?"

ನಾನು ನಿಮ್ಮ ಕಚೇರಿಗೆ ಹೋದೆ. ಅಲ್ಲಿಯವರು, "ಸಹಿ ನಿಂದ ಐತಿಲ್ಲ? ಈಗ ಬ್ಯಾರೆ ಹೇಳಿದ್ರ ಸುಳ್ಳ ಸಾಕ್ಷಿ ಆಗತೈತಿ, ನಿನ್ನ ಮ್ಯಾಲ ಕೇಸ ಬೀಳತೈತಿ ನೋಡ" ಎಂದರು. ಎಂಥ ಕಾಯಿದೆ, ಸ್ವಾಮಿ! ಹೇಳದ ಮಾತಿಗೆ ಅಂಟಿಕೊಂಡರೆ ನಾನು ಸತ್ಯವಂತೆ, ಹೇಳಿದ ಮಾತನ್ನೇ ಮತ್ತೆ ಹೇಳಿದರೆ ಸುಳ್ಳಿ. ಅಂದಿನಿಂದ ಅತ್ತ ಹೋಗಲೂ ಆಗದು, ಇತ್ತ ಬರಲೂ ಆಗದು. ಊರಿನಲ್ಲಿ ನನ್ನನ್ನು "ಬೆಂಕಿ ಸಾರಿಕಾ" ಎಂದು ಕರೆಯುತ್ತಾರೆ.

ಮೋಡದಲ್ಲಿ ನೆಲ ಕಾಣದಾಗ ಪೈಲಟ್ ತನ್ನ ಮುಂದಿನ ಉಪಕರಣಗಳನ್ನೇ ನಂಬಿ ಇಳಿಯುತ್ತಾನೆ, ಗೊತ್ತುಮಾಡಿದ ಎತ್ತರಕ್ಕೆ ಬಂದರೂ ರನ್‌ವೇ ಕಾಣದಿದ್ದರೆ ತಿರುಗಿ ಮೇಲೇರಬೇಕು ಎಂದು ನಿಮ್ಮ ವರದಿಯೇ ಹೇಳುತ್ತದೆ. ನಾನು ಕಂಡಾಗ ವಿಮಾನ ಮೋಡದಿಂದ ಹೊರಬಿದ್ದು ಬದುವಿನ ಬೇವಿನ ತುದಿಗಿಂತ ಕೆಳಗೆ ಬಂದಿತ್ತು. ಬೆಂಕಿ ಇರಲಿಲ್ಲ, ಎಂಜಿನ್ ಜೋರಾಗಿ ಕೂಗುತ್ತಿತ್ತು. ಅಷ್ಟು ಕೆಳಗೆ ಅವರು ಯಾಕೆ ಬಂದರು? ಇಳಿಯಬಹುದು ಎಂದವರು ಯಾರು? ಅಂದು ಐದು ಕಿಲೋಮೀಟರ್ ದೂರ ಸ್ವಚ್ಛ ಕಾಣುತ್ತಿತ್ತು ಎಂದು ಬರೆದಿದ್ದೀರಿ. ನಿಮ್ಮ ಕಾಗದದಲ್ಲಿ ಹವೆ ಬಹಳ ಚೆನ್ನಾಗಿದೆ. ನಮ್ಮ ಹೊಲದಲ್ಲಿ ಆ ಬೇವಿನ ತುದಿಯೇ ಕಾಣುತ್ತಿರಲಿಲ್ಲ. ಬೆಂಕಿಯಾದರೆ ತಪ್ಪು ಅಕೀಬ ಒಬ್ಬನದು. ಮೋಡವಾದರೆ ಉತ್ತರ ಹೇಳಬೇಕಾದವರು ಬಹಳ ಮಂದಿ. ಅದಕ್ಕೇ ಬೆಂಕಿ ನಿಮಗೆ ಅನುಕೂಲವಾಯಿತೇ?

ಮರಾಠಿ ಬಲ್ಲವರನ್ನು ಕರೆದುಕೊಂಡು ಬನ್ನಿ. ನನ್ನ ಹೇಳಿಕೆ ಮತ್ತೆ ಬರೆದುಕೊಳ್ಳಿ, ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಳ್ಳಿ. ಕೇಸು ಹಾಕುವುದಿದ್ದರೆ ಹಾಕಿ. ಅಕೀಬನ ಹೆಸರಿನ ಮುಂದಿರುವ ಬೆಂಕಿಯನ್ನು ಮಾತ್ರ ಅಳಿಸಿ.

ಇವತ್ತು ಮುಂಜಾನೆ ಮೊದಲ ಬಸ್ಸಿಗೆ ರಾಯಬಾಗಕ್ಕೆ ಹೋಗಿ ಕುಲಸುಂಬಿಯವರ ಮನೆ ಬಾಗಿಲು ಬಡಿದೆ. ತೆರೆದವನು ಅಕೀಬನೇ. ನನ್ನ ಹೆಸರು ಹೇಳಿದೆ. ಅವನು ಬಾಗಿಲು ಹಾಕಲಿಲ್ಲ.

ಇಂತಿ,
ಓದಿಸಿಕೊಳ್ಳದೆ ಸಹಿ ಮಾಡಿದವಳು,
ಸಾರಿಕಾ, ಕರೋಶಿ