ಬೆರಳುದ್ದದ ಹತ್ತರಿ

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಹಟಮಾರಿ ತಮ್ಮನಿಗೆ, ಹಟದಲ್ಲಿ ಅವನಿಗಿಂತ ಒಂದು ಕೈ ಮೇಲಾದ ಅಕ್ಕನ ಆಶೀರ್ವಾದಗಳು.

ನಿನ್ನ ಹೆಂಡತಿ ಫೋನ್ ಮಾಡಿದ್ದಳು. ಎಂಟು ತಿಂಗಳಿಂದ ಕಿಟಕಿ ನೋಡುತ್ತ ಕೂತವನು ಮೊನ್ನೆ ಒಮ್ಮೆ ನಕ್ಕೆಯಂತೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಮರಗೆಲಸದ ರಿಪೇರಿ ಅಂಗಡಿ ಇಟ್ಟ ಸುದ್ದಿ ಕೇಳಿ, “ಆ ಆಟದ ಸಾಮಾನು ಇಟ್ಕೊಂಡು ಅಕ್ಕ ಏನು ಕಡಿದು ಕಟ್ಟೆ ಹಾಕ್ತಾಳಂತೆ?” ಅಂದೆಯಂತೆ. ನಗಿಸಿದ್ದಕ್ಕೆ ನನಗೆ ಸಂತೋಷವೇ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಹೇಳಿದಳು. ಶುಕ್ರವಾರ ಹಳೇ ಸಾಮಾನಿನ ವ್ಯಾಪಾರಿ ಬಂದು ಅಪ್ಪನ ಹತ್ತರಿ, ಉಳಿ, ಗರಗಸ ಎಲ್ಲವನ್ನೂ ಒಯ್ಯುತ್ತಾನಂತೆ. ಹಾಗಾಗಿ ಶುಕ್ರವಾರದೊಳಗೆ ಇದು ನಿನ್ನ ಕೈ ಸೇರಲೆಂದು ಬರೆಯುತ್ತಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದೆ, ಸಹಿಸಿಕೊಂಡು ಓದು.

ಅಪ್ಪ ಹೋದ ಮೇಲೆ ಸಾಮಾನು ಹಂಚಿಕೊಂಡ ದಿನ ನೆನಪಿದೆಯೇ? ನಾನು ಕೇಳಿದ್ದು ದೊಡ್ಡ ಹತ್ತರಿ. ಎರಡು ಕೈಯಲ್ಲಿ ಹಿಡಿದು ನೂಕಿದರೆ ಹಲಗೆಯ ಮೈ ಕನ್ನಡಿಯಾಗುತ್ತಿತ್ತಲ್ಲ, ಅದು. ಹದಿನೈದು ವರ್ಷ ಅಪ್ಪನ ಪಕ್ಕದಲ್ಲಿ ಕೆಲಸ ಮಾಡಿದವಳು ನಾನೂ ತಾನೇ? ನೀನು ಅದನ್ನು ಎದೆಗವಚಿಕೊಂಡು, ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಬೆರಳುದ್ದದ ಹಿತ್ತಾಳೆ ಹತ್ತರಿಯನ್ನು ನನ್ನ ಅಂಗೈಗೆ ಹಾಕಿ, “ಶೋಕೇಸಲ್ಲಿಟ್ಕೋ, ಚೆನ್ನಾಗಿರತ್ತೆ” ಅಂದೆ. ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ನಿನ್ನ ಮನೆ ಮೆಟ್ಟಿಲು ತುಳಿಯಲಿಲ್ಲ. ಹತ್ತರಿಯನ್ನು ಮಾತ್ರ ನೀನು ಹೇಳಿದಂತೆ ಶೋಕೇಸಿನಲ್ಲೇ ಇಟ್ಟೆ. ಬಂದವರು ಅದನ್ನು ಕೀಲಿಗೊಂಚಲಿನ ಬೊಂಬೆಯೆಂದು ತಿಳಿದು ಎತ್ತಿ ನೋಡುತ್ತಿದ್ದರು.

ಆಮೇಲೆ ಯಂತ್ರದ ಗರಗಸ ನಿನ್ನ ಬಲಗೈಯ ಕಿರುಬೆರಳನ್ನೂ ಉಂಗುರದ ಬೆರಳನ್ನೂ ತೆಗೆದುಕೊಂಡಿತು. ಸುದ್ದಿ ಕೇಳಿ ಆಸ್ಪತ್ರೆಗೆ ಓಡಿಬಂದರೆ ನೀನು ಗೋಡೆಯ ಕಡೆ ತಿರುಗಿ ಮಲಗಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ ಕಣೋ. ಮನೆಗೆ ಬಂದವಳೇ ಶೋಕೇಸಿನ ಗಾಜು ಸರಿಸಿ ಹತ್ತರಿಯನ್ನು ಹೊರಗೆ ತೆಗೆದೆ.

ಮೊದಲು ಅದು ಬೆಣ್ಣೆಯನ್ನೂ ಕೊಯ್ಯುತ್ತಿರಲಿಲ್ಲ. ಬ್ಲೇಡು ಉಗುರಿನಷ್ಟಗಲ, ಸಾಣೆಕಲ್ಲಿನ ಮೇಲೆ ಹಿಡಿದರೆ ಜಾರಿ ಬೀಳುತ್ತಿತ್ತು. ಕೊನೆಗೆ ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಕಚ್ಚಿಸಿ ಹಿಡಿದೆ. ಆಮೇಲೆ ನೋಡು, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು.

ಮೊದಲ ಗಿರಾಕಿ ಮಹಡಿಯ ಮೇಲಿನ ದರ್ಜಿ. ಅವನ ಮೇಜಿನ ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಂಡು, ದಾರದುಂಡೆಗಳೆಲ್ಲ ಒಳಗೇ ಬಂದಿಯಾಗಿದ್ದವು. ಎಳೆದು ತೆಗೆದು ನೋಡಿದರೆ ಪಕ್ಕದ ಹಲಗೆಯಲ್ಲಿ ಒಂದು ಗೇಣುದ್ದ ಮಾತ್ರ ಉಜ್ಜಿ ಹೊಳೆಯುತ್ತಿತ್ತು. ಅಷ್ಟಕ್ಕೇ ನಾಲ್ಕು ಸಲ ಹತ್ತರಿ ಎಳೆದೆ, ಮುಗಿಯಿತು. ನಿನ್ನ ದೊಡ್ಡ ಹತ್ತರಿ ಇಡೀ ಅಂಚನ್ನು ತಿಂದುಹಾಕಿ ಡ್ರಾಯರನ್ನು ಲೊಡಲೊಡ ಮಾಡಿಬಿಡುತ್ತಿತ್ತು. ಆ ದರ್ಜಿ ಬೀದಿಗೆಲ್ಲ ಡಂಗುರ ಸಾರಿದ. ಶಿಶುವಿಹಾರದ ಟೀಚರು ಹದಿನೆಂಟು ಪುಟ್ಟ ಸ್ಟೂಲು ಹೊರಿಸಿಕೊಂಡು ಬಂದರು. ಅವುಗಳ ಚೂಪು ಅಂಚು ಮುರಿಯಬೇಕಿತ್ತು. ಕಾಲುಗಳ ನಡುವಿನ ಇಕ್ಕಟ್ಟಿನಲ್ಲೂ ಇದು ಇಲಿಮರಿಯಂತೆ ಓಡಾಡಿತು. ಹೊರಗೆ ಚಾಚಿದ ಮರದ ಬೆಣೆಗಳನ್ನು ಮೈಮಟ್ಟಕ್ಕೆ ತಂದದ್ದೂ ಇದೇ. ಎದುರುಮನೆ ಅಜ್ಜಿಯ ಊರುಗೋಲಿನ ಹಿಡಿ ಚೌಕವಾಗಿ ಅಂಗೈ ಒತ್ತುತ್ತಿತ್ತು. ನಾಲ್ಕು ಮೂಲೆ ಸವರಿ ಎಂಟು ಮಾಡಿದೆ, ಎಂಟು ಸವರಿ ಹದಿನಾರು, ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಿದರೆ ಗುಂಡಗಾಯಿತು. ಅಜ್ಜಿ ಈಗ ಕೋಲು ಊರುವುದಕ್ಕಿಂತ ಬಂದವರಿಗೆ ತೋರಿಸುವುದೇ ಹೆಚ್ಚು.

ಜಂಬ ಸಾಕು, ಎಡವಟ್ಟನ್ನೂ ಹೇಳಿಬಿಡುತ್ತೇನೆ. ಅಕ್ಟೋಬರಿನ ಮಳೆಯಲ್ಲಿ ಟೀಚರ ಮನೆಯ ಕಿಟಕಿ ಮುಚ್ಚುತ್ತಿಲ್ಲವೆಂದು, ಸಲೀಸಾಗಿ ಮುಚ್ಚುವವರೆಗೂ ಅಂಚು ಸವರಿದೆ. ಒದ್ದೆಗೆ ಉಬ್ಬಿದ ಮರ ಬಿಸಿಲಿಗೆ ಇಳಿಯುತ್ತದೆ ಎಂದು ಅಪ್ಪ ತಲೆ ಮೇಲೆ ಮೊಟಕಿ ಕಲಿಸಿದ್ದು ಆಗ ನೆನಪಾಗಲಿಲ್ಲ. ಬಿಸಿಲು ಬಂದ ಮೇಲೆ ನೋಡಿದರೆ ಆ ಸಂದಿಯಲ್ಲಿ ಪೆನ್ಸಿಲ್ ತೂರುತ್ತಿತ್ತು! ಹೋದ ವಾರ ಹೋಗಿ ಮರದ ಪಟ್ಟಿ ಅಂಟಿಸಿ, ಅದನ್ನು ಇದೇ ಹತ್ತರಿಯಲ್ಲಿ ಸವರಿ ಸರಿಮಾಡಿ ಬಂದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ನೀನು ಪಕ್ಕದಲ್ಲಿದ್ದಿದ್ದರೆ “ಅಕ್ಕಾ, ಸಾಕು ನಿಲ್ಸು” ಅಂತ ಕೈ ಹಿಡಿಯುತ್ತಿದ್ದೆ. ಒಬ್ಬಳೇ ಕೆಲಸ ಮಾಡುವುದರಲ್ಲಿ ಇದೊಂದು ತೊಂದರೆ.

ಪತ್ರದ ಜೊತೆಗಿರುವ ಪೆಟ್ಟಿಗೆ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರದು, ಚದುರಂಗದ ಕಾಯಿ ಇಡಲು ನನ್ನ ಕೈಯಲ್ಲಿ ಮಾಡಿಸಿಕೊಂಡದ್ದು. ಅದರ ಜಾರುವ ಮುಚ್ಚಳ ಅರ್ಧ ಹೋಗಿ ನಿಲ್ಲುತ್ತದೆ. ನಾನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ. ಎಡ ಅಂಚಿನಲ್ಲಿ ಮೂರು ಸಿಪ್ಪೆ ತೆಗೆಯುವುದು ಬಾಕಿ ಇದೆ. ಪುಟ್ಟ ಹತ್ತರಿಯನ್ನೂ ಕಳಿಸಿದ್ದೇನೆ, ಬ್ಲೇಡು ಹೊಸದಾಗಿ ಸಾಣೆ ಹಿಡಿದದ್ದು, ಹುಷಾರು. ಅವರು ಶನಿವಾರ ಹತ್ತು ಗಂಟೆಗೆ ಅಂಗಡಿಗೆ ಬರುತ್ತಾರೆ. ಕೆಲಸ ನನ್ನ ತಮ್ಮನ ಕೈಯಲ್ಲಿದೆ ಎಂದು ಹೇಳಿಬಿಟ್ಟಿದ್ದೇನೆ. ಮುಚ್ಚಳ ಸರಿಮಾಡಿ ನೀನೇ ತಂದುಕೊಡು. ಆಗದಿದ್ದರೆ ಹಾಗೇ ತಂದುಕೊಡು, ಇಬ್ಬರೂ ಸೇರಿ ಬೈಸಿಕೊಳ್ಳೋಣ.

ಆ ವ್ಯಾಪಾರಿಗೆ ಮಾತ್ರ ಬಾಗಿಲಲ್ಲೇ ಕೈಮುಗಿದು ಕಳಿಸು. ನೀನು ಕಳಿಸದಿದ್ದರೆ ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಾನೇ ಅಡ್ಡ ಕೂರುತ್ತೇನೆ. ನನ್ನ ಗಂಟಲು ಎಂಥದು ಅಂತ ನಿನ್ನ ಬೀದಿಯವರಿಗೆ ಗೊತ್ತು.

ಇಂತಿ,
ಶೋಕೇಸು ಖಾಲಿ ಮಾಡಿಕೊಂಡ
ನಿನ್ನ ಅಕ್ಕ

ತಾ.ಕ.: ನಿನ್ನ ಹೆಂಡತಿಗೂ ಹೇಳದ ಒಂದು ಮಾತಿದೆ. ಆಸ್ಪತ್ರೆಯಿಂದ ಬಂದ ದಿನದಿಂದ, ಬಲಗೈಯ ಕಿರುಬೆರಳನ್ನೂ ಉಂಗುರದ ಬೆರಳನ್ನೂ ಅಂಗೈಗೆ ಮಡಿಸಿ ಬಟ್ಟೆಪಟ್ಟಿಯಿಂದ ಕಟ್ಟಿಕೊಂಡೇ ನಾನು ಕೆಲಸಕ್ಕೆ ಕೂರುವುದು. ಡ್ರಾಯರ್, ಸ್ಟೂಲು, ಊರುಗೋಲು, ಕಿಟಕಿ, ಎಲ್ಲವೂ ಉಳಿದ ಮೂರು ಬೆರಳಲ್ಲಿ ಆದದ್ದು. ಗಾಯವಾಗಿದೆ ಎಂದುಕೊಂಡು ಪಾಪ ದರ್ಜಿ ಮುಲಾಮು ತಂದುಕೊಟ್ಟ. ಮೊದಲ ತಿಂಗಳು ಹತ್ತರಿ ಹಿಡಿದಲ್ಲಿ ನಿಲ್ಲಲಿಲ್ಲ, ಎರಡನೆಯ ತಿಂಗಳು ಮಾತು ಕೇಳಿತು. ಈ ಪತ್ರವನ್ನೂ ಪಟ್ಟಿ ಬಿಚ್ಚದೆಯೇ ಬರೆದೆ, ಅಕ್ಷರ ಸೊಟ್ಟಗಿರುವುದು ಅದಕ್ಕೆ. ಪೆಟ್ಟಿಗೆಗೆ ಮೂಲೆಮಟ್ಟ ಹಿಡಿದು ನೋಡು, ಅದು ಎಲ್ಲೂ ಸೊಟ್ಟಗಿಲ್ಲ.