ಒಂದೇ ಆಟದ ನೂರು ಗೆಲುವು

ಜೂನ್ 3
ಕಾರ್ಖಾನೆಗೆ ಹೋದಾಗ ಎರಡೂ ಚೆಸ್ ಪ್ರೋಗ್ರಾಂ ಒಂದರೆದುರು ಒಂದು ಆಡುತ್ತಲೇ ಇದ್ದವು. ಹಳೆಯದು ಸೊಸೆ ಬರೆದದ್ದು — ನಮ್ಮ ಚೆಸ್ ಬೋರ್ಡಿನೊಳಗೆ ಕೂತು ಗಿರಾಕಿಯ ಜೊತೆ ಆಡುವುದು ಅದೇ. ಅದನ್ನೇ ತಿದ್ದಿ ಚಿಕ್ಕ ಮಗ ಹೊಸ ವರ್ಷನ್ ಮಾಡಿದ್ದಾನೆ. ಯಾರದು ಗಟ್ಟಿಯೋ ಅವರಿಗೆ ಕಾರ್ಖಾನೆಯ ಉಸ್ತುವಾರಿ. ಮಾತು ನನ್ನದು.
ಹೊಸದೇ ಗೆಲ್ಲುತ್ತಿದೆ. ಕೆಲಸಗಾರರೆದುರು ಚಿಕ್ಕವನ ಬೆನ್ನು ತಟ್ಟಿದೆ. ಸೊಸೆಯ ಮುಖದಲ್ಲಿ ಬೇಸರವೂ ಇಲ್ಲ. ಸೋಲುವವರು ಹೀಗಿರುವುದಿಲ್ಲ. ಏನೋ ಇದೆ.

ಜೂನ್ 4, ಸಂಜೆ
ಸೊಸೆ ಹಿತ್ತಲಲ್ಲಿ ಫೋನಿನಲ್ಲಿದ್ದಳು. ನನ್ನನ್ನು ಕಂಡೊಡನೆ ಇಟ್ಟಳು.
"ಯಾರದು?"
"ಗೆಳತಿ, ಅತ್ತೆ."
ಗೆಳತಿಗೆ "ಆಯ್ತು ಸರ್" ಅನ್ನುತ್ತಾರೆಯೇ? ದೊಡ್ಡ ಮಗ ತೀರಿಕೊಂಡ ಮೇಲೂ ಇಲ್ಲೇ ಉಳಿದವಳು, ನಿಜ. ಬೇಕೆಂದೇ ಸೋತು, ಪ್ರೋಗ್ರಾಂ ಬೇರೆಯವರಿಗೆ ದಾಟಿಸುತ್ತಿದ್ದಾಳೋ...

ಜೂನ್ 6
ಬೆಳಗಿನಿಂದ ಪರದೆಯ ಎದುರು ಕೂತೆ. ಚಿಕ್ಕವನು ನಕ್ಕ.
"ಸ್ಕೋರ್ ನೋಡು ಸಾಕು ಅಮ್ಮ. ಆಟ ಯಾಕೆ ನೋಡ್ತೀಯಾ?"
"ನಿಮ್ಮಪ್ಪನ್ನ ಸೋಲಿಸಿದ್ದು ಸ್ಕೋರ್ ನೋಡಿ ಅಲ್ಲ ಕಣೋ."
ಹೊಸದು ಕುದುರೆ ಬಲಿ ಕೊಟ್ಟು ರಾಣಿಯನ್ನು ಹೊಡೆಯಿತು. ಆಮೇಲೊಂದು ಆಟ — ಅದೇ ಕುದುರೆ, ಅದೇ ಮನೆ. ಮತ್ತೆ ಅದೇ. ಕಪ್ಪು-ಬಿಳಿ ಅದಲುಬದಲಾದಾಗ ಇನ್ನೊಂದು ಆಟ. ಅದೂ ತಿರುತಿರುಗಿ ಅದೇ.
"ಎರಡು ಆಟಾನೇ ಅರೆದು ಅರೆದು ನೂರು ಮಾಡಿದ್ದೀಯಲ್ಲೋ!"
ಅವನ ಕಿವಿ ಕೆಂಪಾಯಿತು. ಮೋಸವಲ್ಲ; ಒಂದೇ ಬಗೆಯಲ್ಲಿ ಶುರುಮಾಡಿದರೆ ಎರಡೂ ಪ್ರತಿ ಸಲ ಅದೇ ನಡೆಗಳನ್ನೇ ಇಡುತ್ತವೆ. ಒಂದು ಆಟವನ್ನೂ ಕಣ್ಣೆತ್ತಿ ನೋಡಿಲ್ಲ ಮಹಾರಾಯ.
ಸೊಸೆಯನ್ನು ಕೇಳಿದೆ. "ನಿನಗೆ ಗೊತ್ತಿತ್ತಾ?"
"ಗೊತ್ತಿತ್ತು."
"ಬಾಯಿಗೆ ಬೀಗ ಹಾಕಿತ್ತಾ?"
"ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ರಿ, ಅತ್ತೆ."
ಅಂತಿದ್ದೆ.
ಇನ್ನು ಪ್ರತಿ ಆಟದ ಮೊದಲ ನಡೆಗಳನ್ನು ಚೀಟಿ ಎತ್ತಿ ಇಡಬೇಕೆಂದೆ. ಮುಂದಿನದು ಅವುಗಳ ಪಾಡು.

ಜೂನ್ 11
ಹಳೆಯದೇ ಮುಂದೆ. ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ.
"ಎಲ್ಲರೆದುರು ಹೇಳಬೇಡಮ್ಮ" ಎಂದ ಚಿಕ್ಕವನು.
"ಹೊಗಳಿದ್ದು ಎಲ್ಲರೆದುರು. ತಿದ್ದೋದು ಮೂಲೆಯಲ್ಲಾ?"
ಕೆಲಸಗಾರರನ್ನು ಸೇರಿಸಿ ಹೇಳಿದೆ — ಉಸ್ತುವಾರಿ ಸೊಸೆಯದು.
ಅವಳು ಎದ್ದು ನಿಂತಳು. "ಬೇರೆ ಕಡೆ ಕೆಲಸ ಒಪ್ಪಿಕೊಂಡಾಗಿದೆ, ಅತ್ತೆ. ಸೋಮವಾರದಿಂದ."
"ನಮ್ಮ ಪ್ರೋಗ್ರಾಂ?" ಬಾಯಿಂದ ಮೊದಲು ಬಂದದ್ದು ಇದು.
"ಇಲ್ಲೇ ಇರುತ್ತೆ. ಕದಿಯೋದು ಕಲಿತಿಲ್ಲ ನಾನು."


ಜೂನ್ 13
ಅವಳ ಕೋಣೆಯಲ್ಲಿ ಪೆಟ್ಟಿಗೆ ಎಳೆಯುವ ಸದ್ದು. ಚಿಕ್ಕವನು ಬಂದ. "ಅತ್ತಿಗೇನ ಇಲ್ಲೇ ಇರಿ ಅಂತ ನಾನು ಕೇಳಿದೆ. ನಕ್ಕುಬಿಟ್ರು. ನೀನೇ ಹೋಗು."
ಯಾರಿಗೂ "ಇರು" ಎಂದವಳಲ್ಲ ನಾನು. ಈಗ ಅಂದರೂ ಪ್ರೋಗ್ರಾಮಿನ ಆಸೆಗೆ ಎಂದುಕೊಂಡಾಳು. ನನ್ನನ್ನು ಅವಳೇಕೆ ನಂಬಬೇಕು?
ಹೋಗುತ್ತೇನೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಪ್ರೋಗ್ರಾಂ ಬೇಕಿದ್ದರೆ ತಗೊಂಡು ಹೋಗಿ ಯಾರಿಗಾದರೂ ಕೊಟ್ಟುಬಿಡು. ನೀನು ಮಾತ್ರ —